ಒಂದೂವರೆ ಮೊಳ

ಕೀಯೂರಿನ ಅಳಿವೆ ಬಾಯಲ್ಲಿ
ಬೋರಲು ಹಾಕಿದ ದೋಣಿಯ ಬೆನ್ನಿಗೆ ಒರಗಿ
ನಾಲ್ಕು ಸಿಲಿಂಡರು, ನಾವು ನಾಲ್ವರು,
ಒಂದು ಫ್ಲಾಸ್ಕು ಚಾ, ಅದಕ್ಕೆ ಮುಚ್ಚಳ ಒಂದೇ.
ಬಂಡೆಗೆ ಸುತ್ತಿಕೊಂಡ ಸತ್ತ ಬಲೆಯನ್ನು
ಬೆಳಗಿನಿಂದ ಕೊಯ್ದು ಕೊಯ್ದು ಮೇಲೆ ಬಂದವರು.
ಕಿವಿಯಲ್ಲಿ ಇನ್ನೂ ನೀರು,
ಹಾಗಾಗಿ ಎಲ್ಲರದ್ದೂ ದೊಡ್ಡ ಸ್ವರ.

ಫೆಲ್ಸಿ ಕ್ರಾಸ್ತಾ ಹೊಸ ಕೊಳವೆಯನ್ನು ಮರಳಲ್ಲಿ ಹಾಸುತ್ತಾಳೆ:
ಒಂದು ಮಾರು, ಮೇಲೊಂದು ಗೇಣು. ಕೇರೆಹಾವು.
"ಎದೆಗೆ ಅಡ್ಡ, ಕುತ್ತಿಗೆಗೆ ಸುತ್ತು, ಆಮೇಲೆ ಬಾಯಿಗೆ.
ಗಾಳಿ ಮುಗಿದವ ಬಂದರೆ
ಬಾಯಲ್ಲಿದ್ದದ್ದನ್ನೇ ತೆಗೆದು ಕೊಡುವುದು.
ಅದು ಸರಿ ಉಂಟೆಂದು ಗೊತ್ತಲ್ಲ,
ಅಷ್ಟು ಹೊತ್ತು ನಾನೇ ಅದರಲ್ಲಿ ಉಸಿರಾಡಿದ್ದು.
ಗದ್ದದ ಕೆಳಗೆ ನೇತಾಡುವುದು ನನಗೆ.
ಬಂಡೆಯ ಸಂದಿನಲ್ಲಿ ನಾನು ಮುಂದೆ, ಅವನು ಹಿಂದೆ.
ಉದ್ದ ಬೇಕೇ ಬೇಕು."

ಮೊಯ್ದೀನ್ ಕುಂಞಿ ಎದೆಯ ಹಳದಿ ಕೊಳವೆ ತಟ್ಟುತ್ತಾನೆ:
"ಮತ್ತೆ ಇದು ಎಂತಕ್ಕೆ ಮಾರಾಯ್ತಿ?
ಬರುವವನಿಗೆ ಬೇರೆಯೇ ಎಲೆ ಹಾಕಿಟ್ಟಿದ್ದೇನೆ,
ನನ್ನ ಬಾಯಿಯದ್ದು ನಾನು ಯಾಕೆ ಬಿಡಬೇಕು?"
"ನಿನ್ನ ಹಳದಿಯ ಒಳಗೆ ಎಷ್ಟು ಮರಳುಂಟು ನೋಡು."
ಕೊಡವಿದ. ಬಿತ್ತು ಒಂದು ಚಮಚದಷ್ಟು.
ಹಿಂದಿನಿಂದ ಒಂದು ಮರಿ ಏಡಿಯೂ.

ಐತ್ತಪ್ಪನದ್ದು ಹಳೆಯ ಪಾಠ.
ಹಡಗುಗಳ ತಳ ಉಜ್ಜಿ ಕಲಿತವ.
ಅವನ ರೆಗ್ಯುಲೇಟರಿಗೆ ಬಾಯಿ ಒಂದೇ,
ಕೊಳವೆ ಒಂದೂವರೆ ಮೊಳ.
"ಎರಡು ಉಸಿರು ನಿನಗೆ, ಎರಡು ನನಗೆ. ಮುಗಿಯಿತು."
"ಹೆದರಿದವ ಎರಡಕ್ಕೆ ವಾಪಸು ಕೊಡ್ತಾನಾ?"
ಫೆಲ್ಸಿ ಕೇಳಿದಳು.
ಐತ್ತಪ್ಪ ನನ್ನ ಕಡೆ ನೋಡದೆ
ಚಾಕ್ಕೆ ಊದಿದ, ಆಗಲೇ ಆರಿದ ಚಾ.

ಕಲ್ಲುಮ್ಮಕಾಯಿಯ ಚೀಲ ಎಳೆಯುತ್ತ ಹೋಗುವ ಚಂದುಕುಂಞಿ,
ಹುಟ್ಟಿದಲ್ಲಿಂದ ಬರೀ ಎದೆಗೂಡಲ್ಲೇ ಮುಳುಗುವವ,
ನಿಂತು ಕೇಳಿ, ಕೊಳವೆಗಳನ್ನು ದಾಟಿಕೊಂಡು ಹೇಳಿದ:
"ಗಾಳಿಗೆ ಇಷ್ಟು ಗಲಾಟೆಯಾ? ಮೇಲೆ ಬೇಕಾದಷ್ಟು ಉಂಟಲ್ಲ."

ಕಳೆದ ಕುಂಭ ತಿಂಗಳು. ಇದೇ ಬಂಡೆ. ಎಂಟು ಮಾರು ಆಳ.
ನನ್ನ ಗೇಜಿನ ಮುಳ್ಳು ಐವತ್ತರಲ್ಲೇ ಕಚ್ಚಿ ನಿಂತಿತ್ತು.
ಎಳೆದೆ. ಖಾಲಿ ಸೀಸೆ ಹೀರಿದ ಹಾಗೆ.
ಐತ್ತಪ್ಪ ತನ್ನ ಬಾಯಿಂದ ತೆಗೆದು ಕೊಟ್ಟ.
ಒಂದೂವರೆ ಮೊಳವಲ್ಲವೇ,
ಮಾಸ್ಕಿನ ಗಾಜಿಗೆ ಗಾಜು ತಾಗಿತು.
ಎಡಬದಿಯ ರಬ್ಬರು ಅವನ ಹಲ್ಲಿಗೆ ಸವೆದದ್ದು,
ನನ್ನ ಹಲ್ಲು ಅಲ್ಲಿ ಕೂರಲಿಲ್ಲ.
ಉಪ್ಪು, ಎಲೆಯಡಿಕೆ.
ಎಂಜಲು ತಾಗಿದ ಚಮಚವನ್ನು ಎರಡು ಸಲ ತೊಳೆಯುವ
ಮನೆಯವ ನಾನು.

ಒಂದು.
ಎರಡು. ಕೊಡಬೇಕಿತ್ತು.
ಮೂರು.
ಅವನ ತುಟಿಯಿಂದ ಸಾಸಿವೆಯಷ್ಟು ಗುಳ್ಳೆಗಳು
ಒಂದರ ಹಿಂದೆ ಒಂದು
(ನೀರಲ್ಲಿ ಉಸಿರು ಕಟ್ಟಬಾರದು, ಅದು ನಿಯಮ)
ನಾಲ್ಕು.
ಅವನು ಕೈ ಚಾಚಲಿಲ್ಲ. ಕಣ್ಣು ತೆರೆದೇ ಇದ್ದ.
ಐದಕ್ಕೆ ಕೊಟ್ಟೆ.

ಎಂಜಲು ಕೈಯಲ್ಲಿ ಕಾಗೆ ಓಡಿಸದವನನ್ನು
ಆಡಿಕೊಂಡು ನಗುವ ಊರು ನಮ್ಮದು.
ಬಾಯಿಗೆ ಬಂದ ಎಂಜಲನ್ನೇ ಬಿಡದವನಿಗೆ
ಏನು ಹೆಸರಿಡುತ್ತಾರೋ.
ಅವನಂತೂ ಉಸಿರೆತ್ತಲಿಲ್ಲ.
ಮೇಲೆ ಬಂದು, ದೋಣಿಯ ಅಂಚು ಹಿಡಿದು, ಕೆಮ್ಮಿ,
ಕೇಳಿದ್ದು ಇಷ್ಟೇ:
"ಸುಣ್ಣ ಜಾಸ್ತಿ ಆಗಿತ್ತಾ?"

"ನೀನೆಂತ ಹೇಳ್ತಿ?" ಫೆಲ್ಸಿ ಈಗ ನನ್ನ ಕಡೆ ತಿರುಗಿದ್ದಾಳೆ.
"ಉದ್ದದ್ದೇ ಒಳ್ಳೆಯದು," ಎಂದೆ.
ಸುಳ್ಳಲ್ಲ. ಅದರಲ್ಲಿ ಇಬ್ಬರಿಗೂ ಬಾಯಿ ಉಂಟು,
ಯಾರೂ ಎಣಿಸಬೇಕಾಗಿಲ್ಲ.
ಮುಖ ಮುಖ ಅಷ್ಟು ಹತ್ತಿರ ಬರಬೇಕಾಗಿಯೂ ಇಲ್ಲ.
ಮೊಯ್ದೀನ್ ಏಡಿಯನ್ನು ಹುಡುಕುತ್ತಿದ್ದಾನೆ.

ಐತ್ತಪ್ಪ ಉಳಿದ ಚಾವನ್ನು ಮುಚ್ಚಳದಲ್ಲೇ ನನ್ನತ್ತ ನೀಡುತ್ತಾನೆ.
ಈಗಲೂ ನಾನು ತುಟಿ ತಾಗಿಸದೆ ಎತ್ತಿಯೇ ಕುಡಿಯುವುದು.
ಅಭ್ಯಾಸ.
ಅರ್ಧ ಅಂಗಿಯ ಮೇಲೆ.